ಒಂಬತ್ತು ಸಾವಿರ ಸುತ್ತಿನ ಸೊಗಸು

ವೇಗವಾಗಿ ಓಡಿದ್ದು ಬೇಗ ಸವೆಯುತ್ತದೆ ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಹೊಲಿಗೆ ಯಂತ್ರದಿಂದ ಹಿಡಿದು ಮನುಷ್ಯರ ಮೈಯವರೆಗೆ ಎಲ್ಲಕ್ಕೂ ಇದನ್ನೇ ಅನ್ವಯಿಸುತ್ತೇವೆ. ಈ ನಂಬಿಕೆಗೆ ನೇರವಾಗಿ ಎದುರು ನಿಂತ ಒಂದು ಕೃತಿ ಜಪಾನಿನ ಹೋಂಡಾ ಕಂಪನಿಯ ಎಸ್2000 ಸ್ಪೋರ್ಟ್ಸ್ ಕಾರಿನ ಎಂಜಿನ್. ಶಿಗೇರು ಉಯೆಹಾರಾ ಅವರ ನೇತೃತ್ವದಲ್ಲಿ ರೂಪುಗೊಂಡ ಆ ಕಾರು 1999ರಲ್ಲಿ ಹೊರಬಂತು. ಕೃತಿ ಎಂದು ಬೇಕೆಂದೇ ಕರೆಯುತ್ತಿದ್ದೇನೆ. ಏನು ಸಾಧಿಸಹೊರಟಿತು, ಅದಕ್ಕಾಗಿ ಏನು ಬಿಟ್ಟುಕೊಟ್ಟಿತು ಎಂದು ಕಾದಂಬರಿಯನ್ನು ಕೇಳುವಂತೆ ಯಂತ್ರವನ್ನೂ ಕೇಳಬಹುದು.

ಇದು 1997 ಸಿ.ಸಿ.ಯ, ನಾಲ್ಕು ಸಿಲಿಂಡರಿನ, ಟರ್ಬೋ ಇಲ್ಲದ ಎಂಜಿನ್. ಜಪಾನಿನ ಮಾದರಿಯಲ್ಲಿ ನಿಮಿಷಕ್ಕೆ 8300 ಸುತ್ತಿನಲ್ಲಿ 250 ಅಶ್ವಶಕ್ತಿ. ಕೆಂಪು ಗೆರೆ 9000ಕ್ಕೆ. ಸಾಮಾನ್ಯ ಪೆಟ್ರೋಲ್ ಕಾರುಗಳು ಆರು, ಆರೂವರೆ ಸಾವಿರದ ಹೊತ್ತಿಗೇ ಸಾಕು ಎನ್ನುತ್ತವೆ. 9000 ಸುತ್ತು ಎಂದರೆ ಪಿಸ್ಟನ್ ಒಂದು ಸೆಕೆಂಡಿನಲ್ಲಿ 150 ಸಲ ಮೇಲೇರಿ ಇಳಿಯಬೇಕು. ಸರಾಸರಿ ವೇಗ ಸೆಕೆಂಡಿಗೆ 25 ಮೀಟರ್, ಅಂದರೆ ಗಂಟೆಗೆ ಸುಮಾರು 90 ಕಿಲೋಮೀಟರ್. ಅದೂ ಎರಡೂ ತುದಿಗಳಲ್ಲಿ ಪೂರ್ತಿ ನಿಂತು ಹಿಂದಿರುಗುತ್ತ. ಸುತ್ತು ಒಂದೂವರೆ ಪಟ್ಟಾದರೆ ಬಿಡಿಭಾಗಗಳ ಮೇಲಿನ ಎಳೆತ ಎರಡೂಕಾಲು ಪಟ್ಟಾಗುತ್ತದೆ.

ಹಾಗಾದರೆ ಇದು ಹೇಗೆ ಬಾಳಿತು? ಪಿಸ್ಟನ್ನಿನ ಓಟ 84 ಮಿಲಿಮೀಟರ್. ಸಿಲಿಂಡರಿನ ಅಗಲ ಅದಕ್ಕಿಂತ ಹೆಚ್ಚು, 87. ಪಿಸ್ಟನ್ ಮತ್ತು ಅದರ ದಂಡಗಳು ಎರಕ ಹೊಯ್ದವಲ್ಲ, ಒತ್ತಿ ಬಡಿದು ಮಾಡಿದವು. ಅಲ್ಯೂಮಿನಿಯಮ್ ಸಿಲಿಂಡರಿನ ಒಳಗೋಡೆಗೆ ನಾರಿನ ಬಲ ಕೊಟ್ಟಿದ್ದಾರೆ. ಕವಾಟಗಳನ್ನು ನಡೆಸುವ ಕ್ಯಾಮ್‌ಗಳಲ್ಲಿ ಎರಡು ಬಗೆ: ಕೆಳಗಿನ ಸುತ್ತಿಗೆ ಸೌಮ್ಯವಾದದ್ದು, ಸುಮಾರು ಆರು ಸಾವಿರದ ಮೇಲೆ ಚುರುಕಿನದು. ಎಂಜಿನ್ ಬೆಚ್ಚಗಾಗುವ ತನಕ ಈ ಎರಡನೆಯದು ಕೆಲಸಕ್ಕೇ ಇಳಿಯುವುದಿಲ್ಲ. ಸಮಯಕ್ಕೆ ಎಣ್ಣೆ ನೋಡಿ, ಬದಲಿಸಿ, ಬೆಚ್ಚಗಾದ ಮೇಲೆ ಓಡಿಸಿದವರಲ್ಲಿ ಈ ಎಂಜಿನ್ನುಗಳು ವರ್ಷಗಟ್ಟಲೆ ದುಡಿದಿವೆ. ಇದನ್ನು ಕೆಡಿಸುವುದು ಹೆಚ್ಚಾಗಿ ವೇಗವಲ್ಲ, ಅಜಾಗರೂಕತೆ. ಮೇಲಿನ ಗೇರಿನಿಂದ ತಪ್ಪಿ ತೀರ ಕೆಳಗಿನ ಗೇರಿಗೆ ಹಾಕಿದರೆ ಚಕ್ರಗಳೇ ಎಂಜಿನ್ನನ್ನು ಮಿತಿಮೀರಿ ತಿರುಗಿಸುತ್ತವೆ. ಯಾವ ಕಡಿವಾಣವೂ ಅದನ್ನು ತಡೆಯಲಾರದು.

ಇದರ ಮೇಲಿನ ದೊಡ್ಡ ಆಕ್ಷೇಪ, ಕೆಳಗಿನ ಸುತ್ತಿನಲ್ಲಿ ಎಳೆತವಿಲ್ಲ ಎಂಬುದು. ಆಕ್ಷೇಪ ನ್ಯಾಯವಾದದ್ದೇ. ಪೇಟೆಯ ದಟ್ಟಣೆಯಲ್ಲಿ ಇಂಥ ಗಾಡಿ ಸುಖವಲ್ಲ. ಕಂಪನಿಯೂ ಇದಕ್ಕೆ ಕಿವಿಗೊಟ್ಟು, 2004ರ ಅಮೆರಿಕದ ಮಾದರಿಯಲ್ಲಿ ಗಾತ್ರವನ್ನು 2157 ಸಿ.ಸಿ.ಗೆ ಏರಿಸಿ, ಕೆಂಪು ಗೆರೆಯನ್ನು 8000ಕ್ಕೆ ಇಳಿಸಿತು. ಓಡಿಸಲು ಅದು ಹೆಚ್ಚು ಅನುಕೂಲ. ಆದರೂ ನನ್ನ ತೀರ್ಪು ಮೊದಲನೆಯದರ ಕಡೆಗೇ. ಅಮೆರಿಕದಲ್ಲಿರುವ ನನ್ನ ತಂಗಿಯ ಮಗನ ಬಳಿ ಆ ಹಳೆಯ ಮಾದರಿಯಿದೆ. "ದೊಡ್ಡಮ್ಮಾ, ಅದು ತಾನಾಗಿ ಏನೂ ಕೊಡಲ್ಲ, ಕೇಳಬೇಕು" ಎನ್ನುತ್ತಾನೆ. ಆಕರ್ಷಣೆ ಇರುವುದು ಬರೀ ಸದ್ದಿನಲ್ಲಲ್ಲ, ಈ ಕೇಳುವುದರಲ್ಲಿ. ಗೇರು ಆರಿಸಿ, ಕಾದು, ಏರಿಸಿದವನಿಗೆ ಮಾತ್ರ ಅದು ತನ್ನನ್ನು ತೆರೆದುಕೊಡುತ್ತದೆ. ಸುಲಭವಾಗಿ ಸಿಗುವ ಬಲದಲ್ಲಿ ಅನುಕೂಲವಿದೆ, ಆದರೆ ಈ ಸಂವಾದವಿಲ್ಲ.

2009ರಲ್ಲಿ ಈ ಕಾರಿನ ತಯಾರಿಕೆ ನಿಂತಿತು. ಹೊಗೆಯ ನಿಯಮಗಳು, ಇಂಧನದ ಲೆಕ್ಕಾಚಾರಗಳು ಸಣ್ಣ ಟರ್ಬೋ ಎಂಜಿನ್ನುಗಳ ಕಡೆಗೆ, ಆಮೇಲೆ ವಿದ್ಯುತ್ತಿನ ಕಡೆಗೆ ತಯಾರಕರನ್ನು ಒಯ್ದಿವೆ. ಅದು ತಪ್ಪೆಂದು ನಾನು ಹೇಳಲಾರೆ. ಈ ಎಂಜಿನ್ ಕಲಿಸುವ ಮಾತು ಮಾತ್ರ ಹಳತಾಗುವಂಥದಲ್ಲ.

ಮೂರು ದಶಕ ತರಗತಿಯಲ್ಲಿ ನಿಂತವಳು ನಾನು. "ಪಾಪ, ಅವಳಿಗೆ ಅಷ್ಟೆಲ್ಲ ಭಾರ ಬೇಡ" ಎಂದು ಮಕ್ಕಳಿಂದ, ಅದರಲ್ಲೂ ಹೆಣ್ಣುಮಕ್ಕಳಿಂದ, ಕಡಿಮೆ ಕೇಳುವುದನ್ನೇ ಕಾಳಜಿ ಎಂದುಕೊಂಡ ಮನೆಗಳನ್ನು ಎಷ್ಟೋ ನೋಡಿದ್ದೇನೆ. ಈ ಎಂಜಿನ್ನಿನ ನಿರ್ಮಾಪಕರು ಅದಕ್ಕೆ ಕಡಿಮೆ ಓಡು ಎನ್ನಲಿಲ್ಲ. ಓಟಕ್ಕೆ ತಕ್ಕ ಮೈ ಕೊಟ್ಟರು, ಬೆಚ್ಚಗಾಗಲು ಸಮಯ ಕೊಟ್ಟರು, ಆಮೇಲೆ ಪೂರ್ತಿಯಾಗಿ ಕೇಳಿದರು. ಬಾಳಿಕೆಗೆ ಅಷ್ಟು ಸಾಕಾಯಿತು.