ಬಾಯಿ ಒಂದು, ದನಿ ಇನ್ನೊಂದು: ಎಂಜಿಎಂ ಸಿಂಹದ ಕಥನ

ಕನ್ನಡದ ಚಿತ್ರಪುಟಗಳಲ್ಲಿ ‘ಇಂಥ ಲಾಂಛನದಲ್ಲಿ ತಯಾರಾದ ಚಿತ್ರ’ ಎಂದು ಬರೆಯುವಾಗ ಲಾಂಛನವೆಂಬ ಮಾತಿಗೆ ನಿರ್ಮಾಣ ಸಂಸ್ಥೆ ಎಂಬ ಅರ್ಥವೇ ರೂಢಿಯಾಗಿದೆ. ಗುರುತೇ ಸಂಸ್ಥೆಯ ಹೆಸರಾಗಿ ನಿಲ್ಲುವ ಈ ಬಳಕೆಗೆ ಹಾಲಿವುಡ್‌ನಲ್ಲಿ ನಿದರ್ಶನ ಹುಡುಕಿದರೆ ಮೊದಲು ಎದುರಾಗುವುದು ಮೆಟ್ರೊ-ಗೋಲ್ಡ್‌ವಿನ್-ಮೇಯರ್, ಅಂದರೆ ಎಂಜಿಎಂ ಸಂಸ್ಥೆಯ ಸಿಂಹ. ಚಿತ್ರ ಆರಂಭವಾಗುವ ಮುನ್ನ ಕೆಲವೇ ಕ್ಷಣ ಕಾಣಿಸಿಕೊಂಡು ಮರೆಯಾಗುವ ಈ ಪ್ರಾಣಿಯ ಬದಲಾವಣೆಗಳನ್ನು ಕ್ರಮವಾಗಿ ನೋಡುತ್ತ ಹೋದರೆ, ಅದರ ಮುಖಕ್ಕೂ ದನಿಗೂ ಇರುವ ನಂಟು ಕಣ್ಣಿಗೆ ಕಾಣುವಷ್ಟು ಸಹಜವಾದುದಲ್ಲ ಎಂಬುದು ತಿಳಿದುಬರುತ್ತದೆ.

ಈ ಸಿಂಹ ಎಂಜಿಎಂಗಿಂತ ಹಳೆಯದು. ಗೋಲ್ಡ್‌ವಿನ್ ಪಿಕ್ಚರ್ಸ್ ಸಂಸ್ಥೆಯ ಪ್ರಚಾರದ ಹೊಣೆ ಹೊತ್ತಿದ್ದ, ಮುಂದೆ ಗೀತರಚನಕಾರನೆಂದೂ ಹೆಸರಾದ ಹೋವರ್ಡ್ ಡೀಟ್ಸ್, ತಾನು ಓದಿದ ಕೊಲಂಬಿಯಾ ವಿಶ್ವವಿದ್ಯಾಲಯದ ಕ್ರೀಡಾತಂಡಗಳ ಗುರುತಾಗಿದ್ದ ಸಿಂಹವನ್ನೇ ಆ ಸಂಸ್ಥೆಗೆ ಸೂಚಿಸಿದನು. ಫಿಲ್ಮಿನ ಸುರುಳಿಯನ್ನೇ ಚೌಕಟ್ಟಾಗಿಸಿ, ಅದರ ಮೇಲೆ ‘ಆರ್ಸ್ ಗ್ರಾಷಿಯಾ ಆರ್ಟಿಸ್’ ಎಂಬ ಲ್ಯಾಟಿನ್ ಧ್ಯೇಯವಾಕ್ಯವನ್ನು ಬರೆಸಿದ ವಿನ್ಯಾಸವೂ ಅವನದೇ. ಕಲೆಗಾಗಿಯೇ ಕಲೆ ಎಂಬುದು ಅದರ ಅರ್ಥ. 1924ರಲ್ಲಿ ಮೆಟ್ರೊ, ಗೋಲ್ಡ್‌ವಿನ್ ಮತ್ತು ಲೂಯಿ ಬಿ. ಮೇಯರ್ ಸಂಸ್ಥೆಗಳು ಒಂದಾದಾಗ ಸಿಂಹವೂ ಹೊಸ ಮನೆಗೆ ಬಂದಿತು.

ಎಂಜಿಎಂ ಕಾಲದ ಮೊದಲ ಸಿಂಹ ಸ್ಲ್ಯಾಟ್ಸ್. ಅದು 1924ರಿಂದ 1928ರವರೆಗಿನ ಮೂಕಿಚಿತ್ರಗಳ ಮುಂದೆ ಕಾಣಿಸಿಕೊಂಡಿತಾದರೂ ಗರ್ಜಿಸುವ ಭಂಗಿ ಅದರದಲ್ಲ. ಸುಮ್ಮನೆ ಅತ್ತಿತ್ತ ನೋಡುತ್ತದೆ, ಅಷ್ಟೆ. ಕೇಳಿಸಲಾಗದ ಕಾಲದಲ್ಲಿ ಬಾಯಿ ತೆರೆಸಿ ಪ್ರಯೋಜನವೂ ಇರಲಿಲ್ಲ. ಮುಂದೆ ಬಂದ ಜ್ಯಾಕಿಯ ದನಿ 1928ರ ‘ವೈಟ್ ಶಾಡೋಸ್ ಇನ್ ದ ಸೌತ್ ಸೀಸ್’ ಚಿತ್ರದ ಆರಂಭದಲ್ಲಿ ಮೊದಲಬಾರಿಗೆ ಕೇಳಿಬಂದಿತು. ಜ್ಯಾಕಿಯ ತುಣುಕನ್ನು ಗಮನವಿಟ್ಟು ನೋಡಿದರೆ ಅದರಲ್ಲಿ ಒಂದು ಲಯ ಕಾಣುತ್ತದೆ: ಮೊದಲು ಮೆಲ್ಲನೆಯ ಗುರುಗುಟ್ಟುವಿಕೆ, ಅದರ ಬೆನ್ನಿಗೆ ಜೋರಾದ ಗರ್ಜನೆ, ಚಿಕ್ಕದೊಂದು ಬಿಡುವು, ಕೊನೆಯ ಗುರುಗುಟ್ಟುವಿಕೆ, ಆಮೇಲೆ ತೆರೆಯ ಬಲಕ್ಕೆ ಹೊರಳುವ ನೋಟ. ಸಭೆಗೆ ಬಂದ ಹಿರಿಯ ಭಾಗವತನು ಪದಕ್ಕೆ ಮುನ್ನ ಗಂಟಲು ಸರಿಪಡಿಸಿಕೊಳ್ಳುವ ರೀತಿಯನ್ನು ಈ ಅನುಕ್ರಮ ನೆನಪಿಸುತ್ತದೆ.

ಬಣ್ಣ ಬಂದಾಗ ಇನ್ನೊಂದು ಸಿಂಹ ಬೇಕಾಯಿತು. ಆಗಿನ ಟೆಕ್ನಿಕಲರ್ ಪದ್ಧತಿಯಲ್ಲಿ ಒಂದೇ ಕ್ಯಾಮೆರಾದೊಳಗೆ ಮೂರು ಕಪ್ಪು-ಬಿಳುಪು ನೆಗೆಟಿವ್‌ಗಳು ಒಟ್ಟಿಗೆ ಓಡಿ ಬೇರೆ ಬೇರೆ ವರ್ಣಾಂಶಗಳನ್ನು ಹಿಡಿಯುತ್ತಿದ್ದವು, ಬಳಿಕ ಅವುಗಳಿಂದ ತೆಗೆದ ಮೂರು ಅಚ್ಚುಫಿಲ್ಮುಗಳನ್ನು ಬಣ್ಣಗಳಲ್ಲಿ ಅದ್ದಿ ಒಂದೇ ಫಿಲ್ಮಿನ ಮೇಲೆ ಮುದ್ರಿಸಲಾಗುತ್ತಿತ್ತು. ಹಾಗಾಗಿ ಹಳೆಯ ತುಣುಕಿಗೆ ಬಣ್ಣ ಬಳಿಯುವಂತಿರಲಿಲ್ಲ, ಹೊಸದಾಗಿಯೇ ಚಿತ್ರೀಕರಿಸಬೇಕಿತ್ತು. ಟ್ಯಾನರ್ ಎಂಬ ಸಿಂಹ ಈ ಕೆಲಸಕ್ಕೆ ಒದಗಿತು. 1956ರವರೆಗೆ ಎರಡೂ ಜೊತೆಜೊತೆಯಾಗಿಯೇ ನಡೆದವು: ಬಣ್ಣದ ಚಿತ್ರಗಳಿಗೆ ಟ್ಯಾನರ್, ಕಪ್ಪು-ಬಿಳುಪಿನವಕ್ಕೆ ಜ್ಯಾಕಿ. 1939ರ ‘ದ ವಿಜರ್ಡ್ ಆಫ್ ಆಸ್’ ಬಣ್ಣಕ್ಕೇ ಹೆಸರಾದ ಚಿತ್ರ. ಆದರೂ ಅದರ ಆರಂಭದ ದೃಶ್ಯಗಳು ಕಂದು ಛಾಯೆಯಲ್ಲಿರುವುದರಿಂದ ಅಲ್ಲಿ ಕಾಣುವುದು ಕಂದುಬಣ್ಣದ ಜ್ಯಾಕಿಯೇ. ದಟ್ಟ ಕೇಸರದ ಜಾರ್ಜ್ ಅಲ್ಪಕಾಲ ಬಂದು ಹೋಯಿತು, 1957ರಲ್ಲಿ ಲಿಯೊ ಬಂದಿತು. ಚಿತ್ರೀಕರಣದ ಹೊತ್ತಿಗೆ ಅದು ಎಳೆಯ ಸಿಂಹವಾಗಿದ್ದುದರಿಂದ ಅದರ ಕೇಸರ ಉಳಿದೆಲ್ಲ ಸಿಂಹಗಳದಕ್ಕಿಂತ ಚಿಕ್ಕದು, ಆದರೆ ಆರು ದಶಕಕ್ಕೂ ಮೀರಿ ತೆರೆಯನ್ನು ಆಳಿದ್ದು ಆ ಎಳೆಯ ಮುಖವೇ.

ಎಂಜಿಎಂ ಸಿಂಹ ಎಲ್ಲಿ ಬಾಯಿಮುಚ್ಚಿತು ಎಂಬುದೂ ರಸಿಕನಾದವನು ಗಮನಿಸಬೇಕಾದ ಸಂಗತಿಯಾಗಿದೆ. 1959ರ ‘ಬೆನ್ ಹರ್’ ಕ್ರಿಸ್ತನ ಜನನದ ದೃಶ್ಯದಿಂದ ತೊಡಗುವುದರಿಂದ, ಅದರ ಮುಂದೆ ಗರ್ಜನೆ ಒಪ್ಪುವುದಿಲ್ಲವೆಂದು ಭಾವಿಸಿದ ನಿರ್ದೇಶಕ ವಿಲಿಯಂ ವೈಲರ್ ನಿಶ್ಚಲ, ನಿಶ್ಶಬ್ದ ಸಿಂಹವನ್ನು ಇರಿಸಿದನು. 1968ರಲ್ಲಿ ಬಂದ ಸ್ಟ್ಯಾನ್ಲಿ ಕ್ಯೂಬ್ರಿಕ್‌ನ ‘2001: ಎ ಸ್ಪೇಸ್ ಒಡಿಸ್ಸಿ’ಯಲ್ಲಿ ಜೀವಂತ ಪ್ರಾಣಿಯೇ ಇಲ್ಲ, ನೀಲಿಯ ಮೇಲೆ ಕೆಲವೇ ರೇಖೆಗಳಿಂದ ಮೂಡಿಸಿದ ಮುಖವೊಂದಿದೆ. ಇದಕ್ಕೆ ವಿರುದ್ಧವಾಗಿ, ಚಕ್ ಜೋನ್ಸ್ ತಯಾರಿಸಿದ ಟಾಮ್ ಅಂಡ್ ಜೆರಿ ಕಿರುಚಿತ್ರಗಳಲ್ಲಿ ಸಿಂಹ ಗರ್ಜಿಸಿ ಮುಗಿಸುತ್ತಲೇ ಅದರ ಜಾಗದಲ್ಲಿ ಟಾಮ್ ಬೆಕ್ಕು ಬಂದು ಮಿಯಾಂವ್ ಎನ್ನುತ್ತದೆ. ಲಾಂಛನವೊಂದು ತನ್ನನ್ನೇ ಗೇಲಿ ಮಾಡಿಕೊಳ್ಳುವುದು ತನ್ನ ಗುರುತು ಅಳಿಸದೆಂಬ ಧೈರ್ಯವಿದ್ದಾಗ ಮಾತ್ರ.

ಲಾಂಛನದ ಅತಿ ದೊಡ್ಡ ಬದಲಾವಣೆ ಆದದ್ದು ಕಣ್ಣಿಗೆ ಕಾಣದ ಕಡೆಯಲ್ಲಿ. 1982ರಲ್ಲಿ ‘ಪೋಲ್ಟರ್‌ಗೈಸ್ಟ್’ ಚಿತ್ರಕ್ಕಾಗಿ ಧ್ವನಿ ಸಂಯೋಜಕ ಮಾರ್ಕ್ ಮ್ಯಾಂಜಿನಿ ಲಿಯೊಗೆ ಹೊಸ ಗರ್ಜನೆ ಕಟ್ಟಬೇಕಾಯಿತು. ಆಗ ಅವನು ಬಳಸಿದ್ದು ಹುಲಿಗಳ ದನಿಯನ್ನು. ಸಿಂಹದ ಸಹಜ ಕೂಗು ದೂರದವರೆಗೆ ಮೊಳಗುವ, ಎಳೆದೆಳೆದು ಬರುವ ಕೂಗು. ಕೋರೆ ತೋರಿಸಿ ಮೇಲೆರಗುವ ಭಾವ ಅದರಲ್ಲಿ ಅಷ್ಟಿಲ್ಲ. ಸಭಾಂಗಣದ ಪ್ರೇಕ್ಷಕನು ಸಿಂಹದಿಂದ ಬಯಸಿದ ರೌದ್ರ ಹುಲಿಯ ಗಂಟಲಿನಲ್ಲಿ ದೊರೆಯಿತು. 1957ರ ಮುಖಕ್ಕೆ ಹೀಗೆ ಅನ್ಯಪ್ರಾಣಿಯ ದನಿ ಅಂಟಿಕೊಂಡರೂ ಪ್ರೇಕ್ಷಕರಿಗೆ ಅದು ಸಿಂಹನಾದವಾಗಿಯೇ ಕೇಳಿಸಿತು. ಯಕ್ಷಗಾನದಲ್ಲಿ ವೇಷಧಾರಿ ಕುಣಿಯುತ್ತಿರುವಾಗ ಪದ ಭಾಗವತನ ಕಂಠದಿಂದ ಬಂದರೂ ಪಾತ್ರ ಒಡೆಯುವುದಿಲ್ಲ, ಇಲ್ಲಿಯೂ ಅಷ್ಟೆ.

ಈ ಹಿನ್ನೆಲೆಯಲ್ಲಿ ನೋಡಿದರೆ 2021ರಲ್ಲಿ ಎಂಜಿಎಂ ಜೀವಂತ ಲಿಯೊನ ತುಣುಕನ್ನು ಕೈಬಿಟ್ಟು, ಅದರದೇ ಮುಖವನ್ನು ಹೋಲುವ ಸಿಂಹವನ್ನು ಕಂಪ್ಯೂಟರಿನಲ್ಲಿ ರೂಪಿಸಿದ್ದು ಹಠಾತ್ ತಿರುವೇನೂ ಅಲ್ಲ. ಧ್ಯೇಯವಾಕ್ಯವೂ ಅಲ್ಲಿ ಮೊದಲು ಇಂಗ್ಲಿಷಿನಲ್ಲಿ ಮೂಡಿ, ಬಳಿಕ ಲ್ಯಾಟಿನ್‌ಗೆ ಹೊರಳುತ್ತದೆ. ಮರುವರ್ಷ ಅಮೆಜಾನ್ 845 ಕೋಟಿ ಡಾಲರಿಗೆ ಸಂಸ್ಥೆಯನ್ನು ಕೊಂಡಾಗ ಅದರ ಪಾಲಿಗೆ ಬಂದ ಸಿಂಹ ಇದೇ. ನಿಜವಾದ ಮೃಗ ತೆರೆಯಿಂದ ಇಳಿದುಹೋಯಿತೆಂದು ಮರುಗುವವರು ಒಂದು ಮಾತನ್ನು ನೆನೆಯಬಹುದು: ಅದರ ದನಿ ಸುಮಾರು ನಾಲ್ಕು ದಶಕ ಮೊದಲೇ ಹೊರಟುಹೋಗಿತ್ತು, ಯಾರೂ ಗಮನಿಸಿರಲಿಲ್ಲ. 1928ರಲ್ಲಿ ಮುಖಕ್ಕೊಂದು ದನಿ ಒದಗಿಸಿದ್ದ ಸಂಸ್ಥೆ 2021ರಲ್ಲಿ ದನಿಗೊಂದು ಮುಖ ಮಾಡಿಸಿಕೊಟ್ಟಿತು.