ಸಂಸ್ಕೃತ ರೂಪಕಗಳಲ್ಲಿ ಪ್ರತಿಕೃತಿ

ಸಾದೃಶ್ಯವು ಪೂರ್ಣವಾದಷ್ಟೂ ಪ್ರತಿಕೃತಿಯು ಸಾರ್ಥಕವೆಂಬ ಮತವು ಪರೀಕ್ಷಾರ್ಹವಾದುದು. ಶಾಕುಂತಲದ ಆರನೆಯ ಅಂಕದಲ್ಲಿ ದುಷ್ಯಂತನು ತಾನೇ ಬರೆದ ಚಿತ್ರದೊಳಗಿನ ದುಂಬಿಯನ್ನು ಗದರಿಸುವನು. ಇದು ಚಿತ್ರವೆಂದು ವಿದೂಷಕನು ಎಚ್ಚರಿಸಲು ಅರಸನ ದುಃಖವು ಇಮ್ಮಡಿಸುವುದು. ಇಲ್ಲಿ ಸಾದೃಶ್ಯವೇ ಪ್ರಧಾನವೆಂದು ತೋರುವುದು ಸಹಜ.

ಆದರೆ ಗಣಪತಿಶಾಸ್ತ್ರಿಗಳು 1912ರಿಂದ ತಿರುವನಂತಪುರದಲ್ಲಿ ಭಾಸಕೃತವೆಂದು ಪ್ರಕಟಿಸಿದ ರೂಪಕಗಳಲ್ಲೊಂದಾದ ಪ್ರತಿಮಾನಾಟಕವು ಈ ಮತವನ್ನು ಒಪ್ಪದು. ಅದರ ಮೂರನೆಯ ಅಂಕದಲ್ಲಿ ಭರತನು ತಂದೆಯ ಪ್ರತಿಮೆಯನ್ನು ಕಂಡೂ ಗುರುತಿಸನು. ಗತಿಸಿದವರ ಪ್ರತಿಮೆಗಳನ್ನು ಮಾತ್ರ ಇಲ್ಲಿ ನಿಲ್ಲಿಸುವರೆಂದು ದೇವಕುಲಿಕನಿಂದ ತಿಳಿದ ಬಳಿಕವೇ ಪಿತೃಮರಣವು ವ್ಯಕ್ತವಾಗುವುದು.

ಶಕುಂತಲೆಯು ಜೀವಿಸಿರುವುದರಿಂದ ಚಿತ್ರವು ವಿಪ್ರಲಂಭವನ್ನು ಉದ್ದೀಪಿಸಿತು. ದಶರಥನು ಗತಿಸಿದುದರಿಂದ ಶಿಲೆಯು ಕರುಣವನ್ನು. ವಿಪ್ರಲಂಭವು ಸಾಪೇಕ್ಷ, ಕರುಣವು ನಿರಪೇಕ್ಷವೆಂಬ ನಾಟ್ಯಶಾಸ್ತ್ರದ ವಿಭಾಗಕ್ಕೆ ಇವು ಸ್ಪಷ್ಟ ನಿದರ್ಶನಗಳು. ಆದುದರಿಂದ ಪ್ರತಿಕೃತಿಯ ಅರ್ಥವನ್ನು ರಸದಿಂದ ನಿರ್ಣಯಿಸತಕ್ಕದ್ದೇ ಹೊರತು ರೂಪಸಾಮ್ಯದಿಂದಲ್ಲ.