ರಾಯರ ಮುನಿಸು

1942ರಲ್ಲಿ ಪ್ರಕಟವಾದ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ಯ ಒಲವನ್ನು ಹೊಗಳುವವರು ಅದರ ಹಾಸ್ಯವನ್ನು ಅಷ್ಟಾಗಿ ಗಮನಿಸಿದಂತೆ ತೋರುವುದಿಲ್ಲ. ರಾಯರು ದೂರದ ಊರಿನಿಂದ ರಾತ್ರಿ ಮಾವನ ಮನೆಗೆ ಬರುವ ಕವನವನ್ನೇ ನೋಡಬಹುದು. ಅಳಿಯನ ಉಪಚಾರಕ್ಕೆ ಮನೆಮಂದಿಯೆಲ್ಲ ನಿಂತಿರುವರು. ಹಾಸಿಗೆಯುಂಟು, ಹಾಲುಂಟು, ಅಡಕೆಯುಂಟು. ಯಾರಿಗಾಗಿ ಬಂದರೋ ಆ ಪದುಮಳು ಮಾತ್ರ ಕಾಣಳು. ಕಾರಣವನ್ನು ಯಾರೂ ಹೇಳರು, ರಾಯರೂ ಕೇಳರು. ಅಳಿಯನಾದವನು ಕೇಳುವುದಾದರೂ ಹೇಗೆ! ನಿದ್ದೆಗೆಟ್ಟು, ಬೆಳಗಾಗುತ್ತಲೇ ಮುನಿದು ಹೊರಟು ನಿಂತಾಗ, ಒಳಗೆ ಪದುಮಳಿಗೆ ನೀರು ಸಿದ್ಧವಾಯಿತೆಂದು ನಾದಿನಿ ರಾಗವೆಳೆಯುವಳು. ಮುನಿಸು ನಗೆಯಾಯಿತು.

ಮೂರು ದಿನ ಹೊರಗೆ ಕೂತು ನಾಲ್ಕನೆಯ ದಿನ ಮೀಯುವ ಪದ್ಧತಿಯನ್ನು ಬಲ್ಲ ಮನೆಗಳಲ್ಲಿ ಈ ಧ್ವನಿಗೆ ಟೀಕೆ ಬೇಕಿರಲಿಲ್ಲ. ಅದನ್ನರಿಯದ ವಾಚಕನಿಗೆ ಇದು ಬರಿಯ ಸ್ನಾನದ ಸುದ್ದಿ. ಪದ್ಧತಿ ಮರೆಯಾದಲ್ಲಿ ಮರುಗಬೇಕಾದುದೇನೂ ಇಲ್ಲ. ಅದರ ಭಾರವನ್ನು ಹೊತ್ತವರು ಹೆಂಗಸರು. ಕವಿಯ ಔಚಿತ್ಯವಾದರೋ, ನಗೆಯನ್ನು ಪದುಮಳ ಮೇಲೆ ಹಾಯಿಸದೆ ರಾಯರ ಗಾಂಭೀರ್ಯದ ಮೇಲೆಯೇ ಹಾಯಿಸಿರುವುದರಲ್ಲಿದೆ. ಆದರೂ ಒಂದು ಕೊರತೆಯುಂಟು: ಗಂಡನ ದನಿಯನ್ನು ಕೇಳುತ್ತ ಹೊರಗೆ ಕುಳಿತವಳಿಗೂ ಆ ರಾತ್ರಿ ನಿದ್ದೆ ಬಂದಿರಲಾರದು, ಅದನ್ನು ಕವನ ನುಡಿಯುವುದಿಲ್ಲ.